ಇಪ್ಪತ್ತು ಟನ್ ಎತ್ತುವ ಹೆಲಿಕಾಪ್ಟರ್ ಒಂದು ಬಿಡಿಭಾಗಕ್ಕೆ ಕಾದು ಕೂರುವುದೇಕೆ?

2002ರಲ್ಲಿ ಅಫ್ಘಾನಿಸ್ತಾನದ ಬೆಟ್ಟವೊಂದರಲ್ಲಿ, ಸುಮಾರು 2,600 ಮೀಟರ್ ಎತ್ತರದಲ್ಲಿ, ಅಮೆರಿಕ ಸೇನೆಯ ಚಿನೂಕ್ ಹೆಲಿಕಾಪ್ಟರ್ ಹಾರಲಾಗದೆ ಬಿದ್ದಿತ್ತು. ಅಲ್ಲಿಗೆ ರಸ್ತೆ ಇರಲಿಲ್ಲ. ಬಿಟ್ಟುಬರುವ ಹಾಗೂ ಇರಲಿಲ್ಲ. ಆ ತೆಳುಗಾಳಿಯಲ್ಲಿ ಅಷ್ಟು ಭಾರವನ್ನು ಎತ್ತಿ ತರಲು ಕಡೆಗೆ ಬಾಡಿಗೆಗೆ ಗೊತ್ತುಮಾಡಿದ್ದು ರಷ್ಯಾದಲ್ಲಿ ತಯಾರಾದ ಎಂಐ-26 ಹೆಲಿಕಾಪ್ಟರನ್ನು. ಹೊಟ್ಟೆಯ ಕೆಳಗೆ ಚಿನೂಕನ್ನು ತೂಗುಬಿಟ್ಟುಕೊಂಡು ಅದು ಬೆಟ್ಟ ಇಳಿದುಬಂದಿತು. ಆ ಕಾಲದಲ್ಲಿ ಹೀಗೆ ಎರಡು ಚಿನೂಕ್‌ಗಳನ್ನು ಅದು ಹೊತ್ತು ತಂದಿತು.

ಹದಿನೇಳು ವರ್ಷಗಳ ನಂತರ, 2019ರ ಮಾರ್ಚ್ 25ರಂದು, ಚಂಡೀಗಢದ ವಾಯುನೆಲೆಯಲ್ಲಿ ಭಾರತೀಯ ವಾಯುಪಡೆ ತನ್ನ ಮೊದಲ ನಾಲ್ಕು ಚಿನೂಕ್‌ಗಳನ್ನು ಸೇವೆಗೆ ಸೇರಿಸಿಕೊಂಡಿತು. ಅವು ಸೇರಿದ್ದು 126ನೇ ಹೆಲಿಕಾಪ್ಟರ್ ಘಟಕಕ್ಕೆ. ‘ಫೆದರ್‌ವೇಟ್ಸ್’ ಎಂಬುದು ಈ ಘಟಕದ ಹೆಸರು. 1986ರಿಂದ ನಮ್ಮ ಎಂಐ-26ಗಳನ್ನು ಹಾರಿಸುತ್ತ ಬಂದದ್ದೂ ಇದೇ ಘಟಕ. ಆದರೆ ಚಿನೂಕ್ ಬಂದಿಳಿಯುವ ಹೊತ್ತಿಗೆ, ಚಿನೂಕನ್ನೇ ಎತ್ತಬಲ್ಲ ಆ ದೈತ್ಯಗಳು ನೆಲ ಹಿಡಿದಿದ್ದವು. ಅವುಗಳನ್ನು ಶತ್ರುವಿನ ಗುಂಡು ಕೆಡವಲಿಲ್ಲ. ಅವಕ್ಕೆ ಬೇಕಿದ್ದ ಓವರ್‌ಹಾಲ್ (ಪೂರ್ತಿ ಬಿಚ್ಚಿ, ಪರೀಕ್ಷಿಸಿ, ಸವೆದದ್ದನ್ನು ಬದಲಿಸಿ ಜೋಡಿಸುವ ಕೆಲಸ), ಬೇಕಿದ್ದ ಬಿಡಿಭಾಗ ಬೇಕಾದಾಗ ಸಿಗಲಿಲ್ಲ.

ಈ ಸೋಲು ಹೇಗಾಯಿತು ಎಂಬುದು ಹಳೆಯ ಕಥೆಯೆಂದು ಬದಿಗೆ ಸರಿಸುವಂಥದ್ದಲ್ಲ. ಈಗ ನಮ್ಮ ಬಳಿ 15 ಚಿನೂಕ್‌ಗಳಿವೆ. ಹಿಮಾಲಯದ ಗಡಿಯಲ್ಲಿ ತೋಪು, ಬುಲ್ಡೋಜರ್, ಡೀಸೆಲ್ ಸಾಗಿಸುವ ಕೆಲಸ ಅವುಗಳ ಮೇಲೆ ಬಿದ್ದಿದೆ. ಅದೇ ತಪ್ಪು ಇವುಗಳ ವಿಷಯದಲ್ಲೂ ಆಗಬಾರದು ಎನ್ನುವುದು ನನ್ನ ಕಾಳಜಿ.

ಮೊದಲು ಆ ಯಂತ್ರದ ಗಾತ್ರವನ್ನು ಕಣ್ಣಮುಂದೆ ತಂದುಕೊಳ್ಳೋಣ. ಎಂಐ-26 ಮೊದಲ ಬಾರಿ ಹಾರಿದ್ದು 1977ರ ಡಿಸೆಂಬರ್ 14ರಂದು. ರೋಟರಿನ ವ್ಯಾಸ 32 ಮೀಟರ್, ಅದಕ್ಕೆ ಎಂಟು ರೆಕ್ಕೆಗಳು. ಪೂರ್ತಿ ಹೊರೆ ತುಂಬಿ ಮೇಲೇರುವಾಗ ತೂಕ 56 ಟನ್; ಅದರಲ್ಲಿ 20 ಟನ್ ಸರಕು. ಎರಡು ಡಿ-136 ಎಂಜಿನ್‌ಗಳು, ಒಂದೊಂದರ ಶಕ್ತಿ ಹನ್ನೊಂದು ಸಾವಿರ ಅಶ್ವಶಕ್ತಿಗೂ ಮೇಲೆ. ಎಂಜಿನ್ ಭರ‍್ರನೆ ತಿರುಗುತ್ತದೆ, ರೋಟರ್ ಮಾತ್ರ ನಿಮಿಷಕ್ಕೆ 132 ಸುತ್ತಿನಷ್ಟು ನಿಧಾನವಾಗಿ ತಿರುಗಬೇಕು. ಈ ಎರಡರ ನಡುವೆ ನಿಂತು ಅಷ್ಟೂ ಶಕ್ತಿಯನ್ನು ಮೈಮೇಲೆ ಹೊತ್ತುಕೊಳ್ಳುವುದು ವಿಆರ್-26 ಎಂಬ ಮುಖ್ಯ ಗೇರ್‌ಬಾಕ್ಸ್. ಅದೊಂದರ ತೂಕವೇ ಮೂರೂವರೆ ಟನ್ನಿಗೂ ಹೆಚ್ಚು. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ಬಳಿ ಎಚ್‌ಎಎಲ್ ಕಾರ್ಖಾನೆಯನ್ನು 2023ರಲ್ಲಿ ಉದ್ಘಾಟಿಸಿದರಲ್ಲ, ಅಲ್ಲಿ ತಯಾರಿಸಲೆಂದು ಗೊತ್ತುಮಾಡಿದ ಲಘು ಹೆಲಿಕಾಪ್ಟರ್ ಇಂಧನ, ಪೈಲಟ್, ಸರಕು ಎಲ್ಲ ಸೇರಿ ತೂಗುವುದು ಗರಿಷ್ಠ 3,150 ಕಿಲೋ. ಎಂಐ-26ರ ಒಂದು ಬಿಡಿಭಾಗ ಅದಕ್ಕಿಂತ ಭಾರ.

ಇಂಥ ಭಾಗವನ್ನು ಯಾರೂ ಉಗ್ರಾಣದಲ್ಲಿ ಹತ್ತಾರು ಇಟ್ಟುಕೊಳ್ಳುವುದಿಲ್ಲ. ಸಮಸ್ಯೆಯ ಬೇರು ಅಲ್ಲೇ ಇದೆ.

ಹೆಲಿಕಾಪ್ಟರಿನ ಪ್ರತಿ ಮುಖ್ಯ ಭಾಗಕ್ಕೂ ಎರಡು ಬಗೆಯ ಆಯುಷ್ಯ ಬರೆದಿರುತ್ತಾರೆ. ಒಂದು ಹಾರಾಟದ ಗಂಟೆಗಳ ಲೆಕ್ಕ, ಇನ್ನೊಂದು ಕ್ಯಾಲೆಂಡರಿನ ಲೆಕ್ಕ. ಇಷ್ಟು ಗಂಟೆ ಹಾರಿದರೆ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಹಾರದೆ ನಿಂತೇ ಇದ್ದರೂ ಇಷ್ಟು ವರ್ಷ ಕಳೆದರೆ ಬಿಚ್ಚಲೇಬೇಕು. ಸರ್ಕಾರಿ ಬಸ್ಸು ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಮುದಿಯಾಗುತ್ತದೆ, ಹೆಲಿಕಾಪ್ಟರ್ ನಿಂತಲ್ಲೇ ಮುದಿಯಾಗುತ್ತದೆ. ರಬ್ಬರಿನ ಸೀಲ್ ಒಣಗುತ್ತದೆ, ಗ್ರೀಸ್ ಗಟ್ಟಿಯಾಗುತ್ತದೆ, ಬೇರಿಂಗಿನಲ್ಲಿ ತೇವ ಕೂರುತ್ತದೆ. ಹಾಗಾಗಿ ಬಿಡಿಭಾಗ ಬರುವುದು ತಡವಾದಷ್ಟೂ, ಕಾಯುತ್ತ ನಿಂತ ಯಂತ್ರದ ಬೇರೆ ಭಾಗಗಳ ಆಯುಷ್ಯವೂ ಮುಗಿಯುತ್ತ ಹೋಗುತ್ತದೆ. ಒಂದು ಪಂಪಿಗಾಗಿ ನಿಲ್ಲಿಸಿದ ಹೆಲಿಕಾಪ್ಟರ್, ಪಂಪ್ ಬರುವ ಹೊತ್ತಿಗೆ ಇನ್ನೂ ನಾಲ್ಕು ಭಾಗಗಳನ್ನು ಬೇಡುತ್ತಿರುತ್ತದೆ.

ಭಾಗದ ಜೊತೆ ಅದರ ಕಾಗದವೂ ಬರಬೇಕು. ಹೊರಗಿನವರಿಗೆ ಇದು ಅಷ್ಟಾಗಿ ಕಾಣುವುದಿಲ್ಲ. ಒಂದು ಹೈಡ್ರಾಲಿಕ್ ಪಂಪನ್ನು ಕೈಗೆತ್ತಿಕೊಂಡರೆ, ಅದರ ಮೈಮೇಲೆ ಕೆತ್ತಿದ ಕ್ರಮಸಂಖ್ಯೆ ಇರುತ್ತದೆ. ಅದೇ ಸಂಖ್ಯೆಯ ಲಾಗ್ ಕಾರ್ಡ್ ಒಂದು ಕಡತದಲ್ಲಿರುತ್ತದೆ. ರಷ್ಯಾದವರು ಅದನ್ನು ಪಾಸ್‌ಪೋರ್ಟ್ ಎಂದೇ ಕರೆಯುತ್ತಾರೆ. ಯಾವಾಗ ತಯಾರಾಯಿತು, ಯಾವ ಹೆಲಿಕಾಪ್ಟರಿಗೆ ಯಾವ ದಿನ ಜೋಡಿಸಿದರು, ಎಷ್ಟು ಗಂಟೆ ಓಡಿತು, ಯಾರು ಬಿಚ್ಚಿದರು, ಯಾರು ಪರೀಕ್ಷಿಸಿ ಸಹಿ ಹಾಕಿದರು ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಆ ಕಾಗದ ಕಳೆದುಹೋದರೆ ಪಂಪ್ ಹೊಸದರಂತೆ ಹೊಳೆಯುತ್ತಿದ್ದರೂ ಗುಜರಿಗೆ ಸಮ. ಅದನ್ನು ಜೋಡಿಸಿ ‘ಹಾರಲು ಯೋಗ್ಯ’ ಎಂದು ಸಹಿ ಹಾಕುವ ತಂತ್ರಜ್ಞ ಸಿಗುವುದಿಲ್ಲ, ಸಿಗಲೂಬಾರದು.

ಕಾಗದದ ಬೆಲೆ ಎಷ್ಟೆಂದು ಬ್ರಿಟನ್ ತುಂಬ ದುಬಾರಿಯಾಗಿ ಕಲಿತಿತು. 1995ರಲ್ಲಿ ವಿಶೇಷ ಪಡೆಗಳಿಗೆಂದು ಅದು ಎಂಟು ಚಿನೂಕ್‌ಗಳಿಗೆ ಆದೇಶ ಕೊಟ್ಟಿತು. 2001ರಲ್ಲಿ ಅವು ಬಂದವು. ಆದರೆ ಅವುಗಳ ಕಾಕ್‌ಪಿಟ್ಟಿನ ಸಾಫ್ಟ್‌ವೇರ್ ಸುರಕ್ಷಿತ ಎಂದು ಬ್ರಿಟನ್ನಿನ ಪರೀಕ್ಷಕರು ಖಚಿತಪಡಿಸಿಕೊಳ್ಳಲು ಬೇಕಾದ ವಿವರಗಳು ಒಪ್ಪಂದದಲ್ಲಿ ಸೇರಿರಲೇ ಇಲ್ಲ. ಹೊಚ್ಚಹೊಸ ಎಂಟು ಹೆಲಿಕಾಪ್ಟರ್‌ಗಳನ್ನು ವರ್ಷಗಟ್ಟಲೆ ಹ್ಯಾಂಗರಿನಲ್ಲಿ ಇಟ್ಟು ಕಾದರು. ಅದೇ ವರ್ಷಗಳಲ್ಲಿ ಅಫ್ಘಾನಿಸ್ತಾನದಲ್ಲಿ ಅವರ ಸೈನಿಕರಿಗೆ ಹೆಲಿಕಾಪ್ಟರ್ ಸಾಲದೆ ಪರದಾಟವಾಗುತ್ತಿತ್ತು. ಕೊನೆಗೆ ಆ ಆಧುನಿಕ ಕಾಕ್‌ಪಿಟ್ಟನ್ನೇ ಕಿತ್ತು, ಹಳೆಯ ಮಾದರಿಯದನ್ನು ಕೂರಿಸಿ ಹಾರಿಸಬೇಕಾಯಿತು.

ನಮ್ಮ ಎಂಐ-26ಗಳ ಕಡೆಗೆ ಮರಳೋಣ. ಭಾರತ ಕೊಂಡದ್ದು ಒಟ್ಟು ನಾಲ್ಕು. ಈ ‘ನಾಲ್ಕು’ ಎಂಬ ಸಂಖ್ಯೆಯೇ ಅವುಗಳ ಹಣೆಬರಹವನ್ನು ಅರ್ಧ ಬರೆದುಬಿಟ್ಟಿತು ಎಂದು ನನಗೆ ಅನಿಸುತ್ತದೆ. ನೂರೈವತ್ತು ಹೆಲಿಕಾಪ್ಟರ್‌ಗಳಿಗೆ ಹತ್ತು ಹೆಚ್ಚುವರಿ ಗೇರ್‌ಬಾಕ್ಸ್ ಕೊಂಡರೆ ಲೆಕ್ಕಪತ್ರದವರು ತಲೆ ಕೆಡಿಸಿಕೊಳ್ಳುವುದಿಲ್ಲ. ನಾಲ್ಕು ಹೆಲಿಕಾಪ್ಟರ್‌ಗಳಿಗೆ ಎರಡು ಕೇಳಿದರೆ ‘ಅರ್ಧದಷ್ಟು ಹೆಚ್ಚುವರಿ ಏಕೆ?’ ಎಂಬ ಪ್ರಶ್ನೆ ಏಳುತ್ತದೆ. ತಯಾರಕರ ಕಡೆಯೂ ಅಷ್ಟೆ. ನಾಲ್ಕು ಯಂತ್ರದ ಗಿರಾಕಿಗಾಗಿ ಯಾರೂ ಬಿಡಿಭಾಗಗಳ ತಯಾರಿಕಾ ಸಾಲನ್ನು ಜೀವಂತ ಇಡುವುದಿಲ್ಲ. ಆರ್ಡರ್ ಬಂದಾಗ ನೋಡೋಣ ಎನ್ನುತ್ತಾರೆ. ಹೋಲಿಕೆಗೆ ರಷ್ಯಾದಿಂದಲೇ ಬಂದ, ಮಧ್ಯಮ ಗಾತ್ರದ ನಮ್ಮ ಎಂಐ-17 ಹೆಲಿಕಾಪ್ಟರ್ ಇದೆ. ಅದರ ವಿ5 ಮಾದರಿಯನ್ನೇ ಭಾರತ 151 ಕೊಂಡಿದೆ, ಹಳೆಯ ಮಾದರಿಗಳು ಬೇರೆ. ಅಷ್ಟು ಸಂಖ್ಯೆ ಇದ್ದದ್ದರಿಂದಲೇ ಚಂಡೀಗಢದ 3ನೇ ಬೇಸ್ ರಿಪೇರ್ ಡಿಪೋದಲ್ಲಿ ಅವುಗಳ ಓವರ್‌ಹಾಲ್ ವ್ಯವಸ್ಥೆ ಬೆಳೆಯಿತು. ನಾಲ್ಕೇ ಇದ್ದ ಎಂಐ-26ಕ್ಕೆ ದೊಡ್ಡ ಓವರ್‌ಹಾಲ್ ಎಂದರೆ ರಷ್ಯಾದ ಕಡೆಯೇ ಮುಖ ಮಾಡಬೇಕಿತ್ತು.

2010ರ ಡಿಸೆಂಬರಿನಲ್ಲಿ ಅವುಗಳಲ್ಲಿ ಒಂದು ಜಮ್ಮುವಿನಿಂದ ಮೇಲೇರುತ್ತಿದ್ದಂತೆಯೇ ನೆಲಕ್ಕಪ್ಪಳಿಸಿತು. ಅದೃಷ್ಟಕ್ಕೆ ಒಳಗಿದ್ದವರು ಬದುಕಿದರು. ಉಳಿದದ್ದು ಮೂರು. ಒಂದು ಓವರ್‌ಹಾಲಿಗೆ ಕಾಯುತ್ತಿದ್ದರೆ ಲೆಕ್ಕಕ್ಕೆ ಸಿಗುವುದು ಎರಡು. ಆ ಎರಡರಲ್ಲಿ ಒಂದಕ್ಕೆ ಏನೋ ಬೇಕಾದಾಗ ನಿಂತದ್ದರಿಂದ ಕಳಚಿ ಹಾಕುವ ಆಸೆಯನ್ನು ಯಾವ ಘಟಕವೂ ತಡೆಯಲಾರದು. ಕಳಚುವುದು ತಪ್ಪೆಂದು ನಾನು ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಗಡಿಯಲ್ಲಿ ಸರಕು ಇಳಿಸಬೇಕಾದವನಿಗೆ ಬೇರೆ ದಾರಿ ಇರುವುದಿಲ್ಲ. ಆದರೆ ಒಮ್ಮೆ ಕಳಚತೊಡಗಿದರೆ ನಿಂತ ಯಂತ್ರ ಮತ್ತೆ ಏಳುವುದು ಕಷ್ಟ. ಅದು ಹೆಲಿಕಾಪ್ಟರ್ ಆಗಿ ಉಳಿಯದೆ ಉಗ್ರಾಣವಾಗುತ್ತದೆ.

ಇಷ್ಟೇ ಆಗಿದ್ದರೆ ಹಣ ಸುರಿದು ಸರಿಪಡಿಸಬಹುದಿತ್ತೇನೋ. ಎಂಐ-26ರ ನಿಜವಾದ ಗಾಯ ಭೂಪಟದಲ್ಲಿದೆ. ಹೆಲಿಕಾಪ್ಟರ್ ಜೋಡಣೆಯಾಗುವುದು ರಷ್ಯಾದ ರೊಸ್ತೋವ್ ನಗರದ ರೊಸ್ತ್‌ವೆರ್ತೋಲ್ ಕಾರ್ಖಾನೆಯಲ್ಲಿ. ಅದರ ಡಿ-136 ಎಂಜಿನ್ ಹುಟ್ಟಿದ್ದು ಉಕ್ರೇನಿನ ಝಪೊರಿಝಿಯಾದಲ್ಲಿ. ವಿನ್ಯಾಸವೂ ಅಲ್ಲಿಯದೇ, ತಯಾರಿಸುವ ಮೋಟಾರ್ ಸಿಚ್ ಕಾರ್ಖಾನೆಯೂ ಅಲ್ಲಿಯದೇ. ಎರಡು ನಗರಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 350 ಕಿಲೋಮೀಟರ್, ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋದಷ್ಟು ದೂರ. ಸೋವಿಯತ್ ಒಕ್ಕೂಟದ ಕಾಲದಲ್ಲಿ ಇದು ಒಂದೇ ಮನೆಯ ಅಡುಗೆಮನೆಯಿಂದ ಹಜಾರಕ್ಕೆ ಬಂದಂತೆ. 1991ರಲ್ಲಿ ನಡುವೆ ಗಡಿ ಬಿತ್ತು. 2014ರಲ್ಲಿ ರಷ್ಯಾ ಕ್ರೈಮಿಯಾವನ್ನು ವಶಪಡಿಸಿಕೊಂಡ ಮೇಲೆ ಉಕ್ರೇನ್ ರಷ್ಯಾಕ್ಕೆ ಮಿಲಿಟರಿ ಸಾಮಗ್ರಿ ಕೊಡುವುದನ್ನು ನಿಲ್ಲಿಸಿತು. 2022ರಿಂದ ಅದೇ ಗೆರೆಯ ಮೇಲೆ ಯುದ್ಧ ನಡೆಯುತ್ತಿದೆ. ಮರಿಯುಪೋಲ್ ನಗರ ಸುಟ್ಟದ್ದು ಈ ಎರಡು ಊರುಗಳ ನಡುವೆಯೇ. ಮೋಟಾರ್ ಸಿಚ್ ಮೇಲೆ ಕ್ಷಿಪಣಿಗಳು ಬಿದ್ದವು. 2022ರ ನವೆಂಬರಿನಲ್ಲಿ ಉಕ್ರೇನ್ ಸರ್ಕಾರ ಆ ಕಂಪನಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ರಷ್ಯಾ ತನ್ನದೇ ಪಿಡಿ-8 ಎಂಜಿನ್ನಿನ ಹೆಲಿಕಾಪ್ಟರ್ ರೂಪವನ್ನು ಎಂಐ-26ಕ್ಕೆ ಕೂರಿಸುವ ಯೋಜನೆ ಹಾಕಿಕೊಂಡಿದೆ. ಅಂದರೆ ತಯಾರಿಸಿದ ದೇಶವೇ ತನ್ನ ಹೆಲಿಕಾಪ್ಟರಿಗೆ ಎಂಜಿನ್ ಹುಡುಕುತ್ತಿದೆ. ಅದೇ ಎಂಜಿನ್ನಿಗಾಗಿ ಸಾಲಿನ ಹಿಂದೆ ನಿಂತಿರುವ ಚಂಡೀಗಢಕ್ಕೆ ಎಷ್ಟು ಪಾಲು ಸಿಕ್ಕೀತು? ಸಿಕ್ಕರೂ ರಷ್ಯಾದ ಮೇಲಿನ ನಿರ್ಬಂಧಗಳ ನಡುವೆ ಹಣ ಪಾವತಿಯೇ ಒಂದು ತೊಡಕು.

ಆದ್ದರಿಂದ ಆ ಮೂರನ್ನು ಮತ್ತೆ ಹಾರಿಸಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೀಗೆ ಹೇಳುವಾಗ ಮನಸ್ಸಿಗೆ ಸಂತೋಷವಿಲ್ಲ. 2013ರ ಪ್ರಳಯದ ನಂತರ ಸುಮಾರು 3,500 ಮೀಟರ್ ಎತ್ತರದ ಕೇದಾರನಾಥದ ಪುನರ್ನಿರ್ಮಾಣಕ್ಕೆ ಭಾರೀ ಯಂತ್ರಗಳನ್ನು ಹೊತ್ತು ಏರಿದ್ದು ಎಂಐ-26. 2008ರ ಸಿಚುವಾನ್ ಭೂಕಂಪದಲ್ಲಿ ಬೆಟ್ಟ ಕುಸಿದು ನದಿಗೆ ಅಡ್ಡಲಾಗಿ ಕೆರೆ ಕಟ್ಟಿಕೊಂಡಾಗ, ಕಾಲುವೆ ತೋಡುವ ಬುಲ್ಡೋಜರ್‌ಗಳನ್ನು ಚೀನಾ ಅಲ್ಲಿಗೆ ಇಳಿಸಿದ್ದು ಇದೇ ಹೆಲಿಕಾಪ್ಟರಿನಿಂದ. ಚಿನೂಕ್ ಎತ್ತುವುದು ಹತ್ತು ಟನ್ನಿನ ಆಸುಪಾಸು. ಇಡಿಯಾಗಿ ಒಯ್ಯುತ್ತಿದ್ದ ದೊಡ್ಡ ಯಂತ್ರವನ್ನು ಬಿಚ್ಚಿ, ಎರಡು ಮೂರು ಸಲ ಹಾರಿ, ಮೇಲೆ ಮತ್ತೆ ಜೋಡಿಸಬೇಕು. ಪ್ರವಾಹದ ದಿನ ಈ ವ್ಯತ್ಯಾಸ ತಿಳಿಯುತ್ತದೆ. ಆದರೂ ಎಂಜಿನ್ನಿನ ಮೂಲವೇ ಉರಿಯುತ್ತಿರುವಾಗ ಮೂರು ಹಳೆಯ ಯಂತ್ರಗಳಿಗೆ ಸುರಿಯುವ ಹಣ, ಹದಿನೈದು ಹೊಸ ಯಂತ್ರಗಳ ಬಿಡಿಭಾಗಕ್ಕೆ ಹೋಗುವುದು ಒಳ್ಳೆಯದು.

ಈಗ ಚಿನೂಕ್. 2015ರ ಸೆಪ್ಟೆಂಬರಿನಲ್ಲಿ ಅಪಾಚೆ ಹೆಲಿಕಾಪ್ಟರ್‌ಗಳ ಜೊತೆ ಭಾರತ ಇದರ ಒಪ್ಪಂದಕ್ಕೆ ಸಹಿ ಹಾಕಿತು. 2020ರ ಹೊತ್ತಿಗೆ ಹದಿನೈದೂ ಬಂದವು. ಚಂಡೀಗಢದಲ್ಲಿ ಕೆಲವು, ಅಸ್ಸಾಮಿನ ಮೋಹನ್‌ಬಾರಿಯಲ್ಲಿ ಕೆಲವು. 2018ರಲ್ಲಿ ಕೇದಾರನಾಥದಲ್ಲಿ ಅಪಘಾತಕ್ಕೀಡಾದ ಎಂಐ-17ರ ಅವಶೇಷವನ್ನು 2020ರಲ್ಲಿ ಎತ್ತಿ ತಂದದ್ದು ಚಿನೂಕ್. 2023ರ ನವೆಂಬರಿನಲ್ಲಿ ಸಿಲ್ಕ್ಯಾರಾ ಸುರಂಗದಿಂದ ಹೊರಬಂದ 41 ಕಾರ್ಮಿಕರನ್ನು ಋಷಿಕೇಶದ ಆಸ್ಪತ್ರೆಗೆ ಒಯ್ದದ್ದೂ ಚಿನೂಕ್. ಹದಿನೈದು ಎಂಬುದೂ ಚಿಕ್ಕ ಸಂಖ್ಯೆಯೇ. ಆದರೆ ಒಂದು ಬಲವಾದ ವ್ಯತ್ಯಾಸವಿದೆ. ಅಮೆರಿಕದ ಸೇನೆಯೊಂದೇ ನಾನೂರರಷ್ಟು ಚಿನೂಕ್ ಇಟ್ಟುಕೊಂಡಿದೆ. ಬ್ರಿಟನ್, ಜಪಾನ್, ನೆದರ್ಲೆಂಡ್ಸ್, ಆಸ್ಟ್ರೇಲಿಯಾಗಳಲ್ಲೂ ಇದೆ. ತನ್ನ ಹಳೆಯ ಸಿಎಚ್-53 ಸರಕು ಹೆಲಿಕಾಪ್ಟರ್‌ಗಳನ್ನು ಹಾರಿಸುವುದೇ ಕಷ್ಟವಾದ ಜರ್ಮನಿ 60 ಚಿನೂಕ್‌ಗಳಿಗೆ ಆದೇಶ ಕೊಟ್ಟಿದೆ. ಇಷ್ಟು ಜನ ಬಳಸುವ ಯಂತ್ರದ ಬಿಡಿಭಾಗ ನಾಳೆಗೆ ನಿಂತುಹೋಗುವುದಿಲ್ಲ.

ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. 2022ರ ಆಗಸ್ಟಿನಲ್ಲಿ ಅಮೆರಿಕದ ಸೇನೆ ತನ್ನ ಚಿನೂಕ್‌ಗಳನ್ನೆಲ್ಲ ನೆಲಕ್ಕಿಳಿಸಿತು. ಇಂಧನ ಸೋರಿ ಕೆಲವು ಎಂಜಿನ್‌ಗಳಿಗೆ ಬೆಂಕಿ ಹತ್ತಿತ್ತು. ಹುಡುಕಿದಾಗ ಸಿಕ್ಕಿದ್ದು ಓ-ರಿಂಗ್. ಕುಕ್ಕರಿನ ಮುಚ್ಚಳದೊಳಗೆ ಕೂರಿಸುವ ಗ್ಯಾಸ್ಕೆಟ್ ಎಲ್ಲರಿಗೂ ಗೊತ್ತು. ಅದರದೇ ಜಾತಿಯ, ಅದಕ್ಕಿಂತ ಚಿಕ್ಕದಾದ ಒಂದು ಬಳೆ. ಕಂಪನಿ ಬೇರೆಯಾದರೆ, ಒಂದು ಎಳೆ ತೆಳುವಾದರೆ ಕುಕ್ಕರಿನ ಪಕ್ಕದಿಂದ ಹಬೆ ಹೋಗುತ್ತದೆ, ಅನ್ನ ಬೇಯುವುದಿಲ್ಲ. ಇಲ್ಲಿ ಎಂಜಿನ್ ತಯಾರಕರಾದ ಹನಿವೆಲ್ ಹೇಳಿದ್ದೂ ಅದನ್ನೇ: ದುರಸ್ತಿಯ ವೇಳೆ ಹಾಕಿದ ಕೆಲವು ಓ-ರಿಂಗ್‌ಗಳು ತಮ್ಮ ವಿನ್ಯಾಸದ ಅಳತೆ-ಗುಣಕ್ಕೆ ಹೊಂದುವುದಿಲ್ಲ, ಅವು ತಮ್ಮ ಕಾರ್ಖಾನೆಯಿಂದ ಬಂದವಲ್ಲ. ತಯಾರಕರು ಪಕ್ಕದಲ್ಲೇ ಇದ್ದ ದೇಶದಲ್ಲಿ, ಜಗತ್ತಿನ ಅತಿ ದೊಡ್ಡ ಸೇನಾ ದುರಸ್ತಿ ವ್ಯವಸ್ಥೆಯೊಳಗೆ ಆದ ತಪ್ಪು ಇದು. ಭಾರತ ತನ್ನ ಚಿನೂಕ್‌ಗಳನ್ನು ಹಾರಿಸುತ್ತಲೇ ಇತ್ತು, ಜೊತೆಗೆ ಚಿನೂಕ್ ತಯಾರಿಸುವ ಬೋಯಿಂಗ್ ಕಂಪನಿಯಿಂದ ವಿವರ ಕೇಳಿತು. ಕೇಳಿ ತಿಳಿಯಬೇಕಾದ ಜಾಗದಲ್ಲಿ ನಾವಿದ್ದೇವೆ ಎಂಬುದು ಇದರಿಂದ ತಿಳಿಯುತ್ತದೆ.

ಚಿನೂಕಿನ ರಚನೆಯೇ ಬಿಡಿಭಾಗದ ಶುದ್ಧತೆಯ ಮೇಲೆ ನಿಂತಿದೆ. ಮುಂದೊಂದು ಹಿಂದೊಂದು ರೋಟರ್, ತಲಾ ಮೂರು ರೆಕ್ಕೆ, ಎದುರು ದಿಕ್ಕಿನ ತಿರುಗಾಟ. ಒಂದರ ರೆಕ್ಕೆ ಇನ್ನೊಂದರ ರೆಕ್ಕೆಗಳ ನಡುವೆ ಹಾದುಹೋಗುತ್ತದೆ. ಈ ತಾಳ ತಪ್ಪದಂತೆ ಕಾಯುವುದು ಐದು ಗೇರ್‌ಬಾಕ್ಸ್‌ಗಳು ಮತ್ತು ಅವನ್ನು ಬೆಸೆಯುವ ಶಾಫ್ಟ್‌ಗಳು. 1982ರ ಸೆಪ್ಟೆಂಬರ್ 11ರಂದು ಜರ್ಮನಿಯ ಮಾನ್‌ಹೈಮ್‌ನಲ್ಲಿ ವೈಮಾನಿಕ ಪ್ರದರ್ಶನವಿತ್ತು. ಪ್ಯಾರಾಚೂಟ್ ಕ್ರೀಡಾಪಟುಗಳನ್ನು ಹೊತ್ತ ಅಮೆರಿಕದ ಚಿನೂಕ್ ಆಕಾಶದಲ್ಲೇ ಮುರಿದು ಬಿದ್ದು 46 ಮಂದಿ ಸತ್ತರು. ಕಾರಣ ಮುಂದಿನ ಗೇರ್‌ಬಾಕ್ಸಿನ ಎಣ್ಣೆಯ ಹಾದಿಯಲ್ಲಿ ಸಿಕ್ಕಿತು. ಓವರ್‌ಹಾಲಿನಲ್ಲಿ ಭಾಗಗಳನ್ನು ಉಜ್ಜಿ ತೊಳೆಯಲು ಅಕ್ರೋಟದ ಚಿಪ್ಪಿನ ಪುಡಿ ಬಳಸುತ್ತಿದ್ದರು. ತೊಳೆದ ಮೇಲೂ ಒಂದಿಷ್ಟು ಪುಡಿ ಉಳಿದು, ಎಣ್ಣೆ ಚಿಮ್ಮುವ ಸಣ್ಣ ರಂಧ್ರಗಳನ್ನು ಮುಚ್ಚಿತ್ತು. ಎಣ್ಣೆ ಕಾಣದ ಬೇರಿಂಗ್ ಕಾದು ಕೈಕೊಟ್ಟಿತು, ರೋಟರ್‌ಗಳ ತಾಳ ತಪ್ಪಿತು. ನಾಲ್ಕು ವರ್ಷಗಳ ನಂತರ, 1986ರ ನವೆಂಬರಿನಲ್ಲಿ, ಸ್ಕಾಟ್ಲೆಂಡಿನ ಸಂಬರ್ಗ್ ಬಳಿ ನಾಗರಿಕ ಚಿನೂಕ್ ಬಿದ್ದು 45 ಮಂದಿ ಸತ್ತಾಗಲೂ ಕಾರಣ ಮುಂದಿನ ಗೇರ್‌ಬಾಕ್ಸಿನ ಒಂದು ಗೇರೇ ಆಗಿತ್ತು. ಓವರ್‌ಹಾಲನ್ನು ನಮ್ಮಲ್ಲೇ ಮಾಡಬೇಕು ಎಂದು ನಾನು ವಾದಿಸುವಾಗ ಈ ಎರಡು ದಿನಗಳನ್ನು ಮರೆತು ವಾದಿಸುತ್ತಿಲ್ಲ. ಅಗ್ಗವಾಗಿ, ಅವಸರದಲ್ಲಿ, ಸಿಕ್ಕ ಭಾಗದಿಂದ ಕೆಲಸ ಮುಗಿಸುವುದಾದರೆ ಮಾಡದೆ ಇರುವುದೇ ಮೇಲು.

ರಾಜಕೀಯದ ಮಾತೂ ಇದೆ. 1998ರಲ್ಲಿ ಪೋಖರಣ್ ಪರೀಕ್ಷೆಯ ನಂತರ ಅಮೆರಿಕ ನಿರ್ಬಂಧ ಹೇರಿತು. ನಮ್ಮ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳು ಬ್ರಿಟನ್ನಿನಿಂದ ಬಂದವು. ಆದರೆ ಅವುಗಳೊಳಗೆ ಅಮೆರಿಕ ಮೂಲದ ಭಾಗಗಳಿದ್ದವು. ಅವು ಬರುವುದು ನಿಂತು, ಹೆಲಿಕಾಪ್ಟರ್‌ಗಳು ಒಂದೊಂದಾಗಿ ನಿಂತವು. ಇಂದಿನ ಸ್ನೇಹ ಅಂದಿಗಿಂತ ಗಟ್ಟಿಯಾಗಿರಬಹುದು. ಆದರೆ ಚಿನೂಕ್ 1961ರಲ್ಲಿ ಮೊದಲು ಹಾರಿದ ವಂಶದ್ದು. ನಮ್ಮಲ್ಲಿಗೆ ಬಂದವು ಇನ್ನೂ ಮೂವತ್ತು ವರ್ಷ ಹಾರಬೇಕಾದವು. ಮೂವತ್ತು ವರ್ಷ ಎರಡು ದೇಶಗಳ ಮನಸ್ಸು ಒಂದೇ ಸಮನೆ ಇರುತ್ತದೆ ಎಂದು ನಂಬಿ ಸೇನೆಯ ಸರಬರಾಜನ್ನು ಕಟ್ಟಬಾರದು.

ಚಿನೂಕಿನ ಭಾಗಗಳು ಭಾರತದಲ್ಲೇ ತಯಾರಾಗುತ್ತಿವೆಯಲ್ಲ ಎಂದು ಕೇಳುವವರಿದ್ದಾರೆ. ನಿಜ. ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್ ಚಿನೂಕಿನ ಹಿಂಬದಿಯ ಸರಕು ಇಳಿಜಾರು ಬಾಗಿಲನ್ನೂ, ಹಿಂದಿನ ರೋಟರನ್ನು ಹೊರುವ ಗೋಪುರದಂಥ ಭಾಗವನ್ನೂ ಬೋಯಿಂಗ್‌ಗೆ ತಯಾರಿಸಿಕೊಡುತ್ತಿದೆ. ಫಿಲಡೆಲ್ಫಿಯಾದಲ್ಲಿ ಜೋಡಣೆಯಾಗುವ ಹೆಲಿಕಾಪ್ಟರಿಗೆ ನಮ್ಮ ಊರಿನ ಕೈಕೆಲಸ ಸೇರುತ್ತಿರುವುದು ಕನ್ನಡಿಗನಾಗಿ ನನಗೆ ಹೆಮ್ಮೆಯೇ. ಆದರೆ ಇವು ದೇಹದ ಭಾಗಗಳು, ವರ್ಷಗಟ್ಟಲೆ ಬಾಳುವಂಥವು. ಹೆಲಿಕಾಪ್ಟರನ್ನು ನೆಲಕ್ಕಿಳಿಸುವುದು ಸವೆಯುವ ಭಾಗ: ಗೇರ್, ಬೇರಿಂಗ್, ಎಂಜಿನ್ನಿನ ಬ್ಲೇಡು, ರೋಟರಿನ ಬುಡದ ಕೀಲು, ಸೀಲು. ಅವುಗಳ ನಕ್ಷೆಯೂ, ಬಿಚ್ಚಿ ಜೋಡಿಸುವ ಪರವಾನಗಿಯೂ ತಯಾರಕರ ಕೈಯಲ್ಲೇ ಇವೆ. ಬಾಗಿಲು ತಯಾರಿಸುವ ಗುತ್ತಿಗೆ ಸಿಕ್ಕಿದ್ದನ್ನೇ ಸ್ವಾವಲಂಬನೆ ಎಂದು ಭಾಷಣದಲ್ಲಿ ಹೇಳಿಬಿಟ್ಟರೆ, ಗೇರ್‌ಬಾಕ್ಸಿನ ಪ್ರಶ್ನೆ ಕೇಳುವವರೇ ಇಲ್ಲವಾಗುತ್ತಾರೆ.

ಕೇಳಬೇಕಾದ ಹಕ್ಕುಗಳು ಸ್ಪಷ್ಟ. ಗೇರ್‌ಬಾಕ್ಸ್ ಮತ್ತು ಎಂಜಿನ್ನಿನ ಓವರ್‌ಹಾಲ್ ಭಾರತದೊಳಗೆ, ತಯಾರಕರ ಪ್ರಮಾಣಪತ್ರದ ಅಡಿಯಲ್ಲಿ ನಡೆಯಬೇಕು. ಹದಿನೈದೇ ಇರುವುದರಿಂದ ಅದು ಲಾಭದಾಯಕವಲ್ಲ ಎಂಬ ಉತ್ತರ ಬಂದೇ ಬರುತ್ತದೆ. ಸಿಂಗಪುರ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾಗಳೂ ಚಿನೂಕ್ ಹಾರಿಸುತ್ತವೆ. ಈ ದೇಶಗಳ ಎಲ್ಲ ಯಂತ್ರಗಳ ಕೆಲಸದಲ್ಲಿ ಒಂದು ಪಾಲು ಭಾರತದ ಡಿಪೋಗೆ ಬರುವಂತೆ ಮಾತಾಡಿದರೆ ಸಂಖ್ಯೆಯ ತೊಡಕು ಕರಗುತ್ತದೆ. ಎಂಐ-17ಗೆ ಆದದ್ದು ಸಂಖ್ಯೆಯ ಬಲದಿಂದ; ಚಿನೂಕಿಗೆ ಆ ಬಲವನ್ನು ನೆರೆಯವರ ಜೊತೆ ಸೇರಿ ಕಟ್ಟಿಕೊಳ್ಳಬೇಕು. ಅಲ್ಲಿಯವರೆಗೆ ಒಂದೆರಡು ಗೇರ್‌ಬಾಕ್ಸ್ ಹೆಚ್ಚು ಕೊಂಡು ಉಗ್ರಾಣದಲ್ಲಿಡಿ ಎಂದು ವಾಯುಪಡೆ ಕೇಳಿದರೆ, ಹಣಕಾಸಿನವರು ಅದನ್ನು ದುಂದುವೆಚ್ಚ ಎನ್ನದಿರಲಿ.

ಚಂಡೀಗಢದಲ್ಲಿ ಎಂಐ-17ಗಳನ್ನು ಬಿಚ್ಚಿ ಜೋಡಿಸುವ ಡಿಪೋ ಇದೆ. 126ನೇ ಘಟಕದ ಚಿನೂಕ್‌ಗಳೂ ಅದೇ ಊರಿನಲ್ಲಿವೆ. ಇಲ್ಲಿ ಕೆಟ್ಟ ಗೇರ್‌ಬಾಕ್ಸ್ ಅದೇ ಊರಿನ ಆ ಡಿಪೋಗೆ ಲಾರಿಯಲ್ಲಿ ಹೋಗಿ ಬರುತ್ತದೆಯೋ, ಹಡಗು ಹತ್ತಿ ಸಾಗರ ದಾಟಿ ಬರುತ್ತದೆಯೋ ಎಂಬುದನ್ನು ಈ ಹದಿನೈದು ಯಂತ್ರಗಳು ಹೊಸದಾಗಿರುವಾಗಲೇ ಬರೆದುಕೊಳ್ಳಬೇಕು. ಎಂಐ-26ರ ಕಾಲದಲ್ಲಿ ಅದನ್ನು ಬರೆದುಕೊಳ್ಳುವ ಕೆಲಸ ಆಗಲಿಲ್ಲ.